ಕಾಳಿನೊಳಗಿನ ಕತ್ತರಿ: ಮೊಳಕೆಯ ಗುಟ್ಟು ಕೆದಕಿದ ಗಾಟ್ಲೀಬ್ ಹೇಬರ್‌ಲ್ಯಾಂಡ್ಟ್

ಬಾದಾಮಿ ಹತ್ತಿರದ ಬನಶಂಕರಿ ಗುಡಿಗೆ ಹೋದವರಿಗೆಲ್ಲ ಗೊತ್ತು: ಅಲ್ಲಿ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬುಟ್ಟಿ ಮುಂದಿಟ್ಟುಕೊಂಡು ಕೂತಿರುತ್ತಾರೆ. ಬುಟ್ಟಿಯಲ್ಲಿ ಜೋಳದ ರೊಟ್ಟಿ, ಕಾಳು ಪಲ್ಯ, ಚಟ್ನಿ, ಗಡಿಗೆ ಮೊಸರು. ಆ ರೊಟ್ಟಿಯ ಜೋಳ ಮನೆಯಲ್ಲಿ ವರ್ಷಗಟ್ಟಲೆ ಒಣಗಿ ಕಲ್ಲಿನಂತೆ ಬಿದ್ದಿರಬಲ್ಲದು. ಅದೇ ಕಾಳನ್ನು ಹದವಿರುವ ಎರೆ ಭೂಮಿಗೆ ಬಿತ್ತಿದರೆ ನಾಲ್ಕೈದು ದಿನದಲ್ಲಿ ಮಣ್ಣು ಸೀಳಿಕೊಂಡು ಮೊಳಕೆ ಮೇಲೆ ಬರುತ್ತದೆ.

ಇದರಲ್ಲಿ ಒಂದು ಒಗಟಿದೆ. ಮೊಳಕೆಗೆ ಇನ್ನೂ ಹಸಿರು ಎಲೆ ಇಲ್ಲ, ಆದ್ದರಿಂದ ಬಿಸಿಲಿನಿಂದ ಆಹಾರ ಮಾಡಿಕೊಳ್ಳಲಾರದು. ಕಾಳಿನಲ್ಲಿ ಆಹಾರವೇನೋ ತುಂಬಿದೆ. ಆದರೆ ಅದೆಲ್ಲ ಗಟ್ಟಿ ಪಿಷ್ಟ, ಗಟ್ಟಿ ಪ್ರೋಟೀನ್. ನಮಗಾದರೆ ಹಲ್ಲು, ಹೊಟ್ಟೆ, ಕರುಳು ಇವೆ. ಕಾಳಿಗೆ ಇವು ಯಾವುವೂ ಇಲ್ಲ. ಹಾಗಾದರೆ ಅದರ ಊಟವನ್ನು ಅರಗಿಸಿಕೊಡುವವರು ಯಾರು?

ಈ ಪ್ರಶ್ನೆಗೆ ಒಂದು ಮುಖ್ಯ ಉತ್ತರ ಕೊಟ್ಟವರು ಆಸ್ಟ್ರಿಯಾದ ಸಸ್ಯವಿಜ್ಞಾನಿ ಗಾಟ್ಲೀಬ್ ಹೇಬರ್‌ಲ್ಯಾಂಡ್ಟ್. ಪಿಯುಸಿ ಜೀವಶಾಸ್ತ್ರ ಓದಿದವರಿಗೆ ಅಂಗಾಂಶ ಕೃಷಿಯ ಪಿತಾಮಹ ಎಂದು ಈ ಹೆಸರು ನೆನಪಿರಬಹುದು. ಕಾಳಿನೊಳಗೆ ಅವರು ಕಂಡದ್ದರ ಬಗ್ಗೆ ಮಾತು ಕಡಿಮೆ. ಮೊಳಕೆ ಕಾಳಿನ ಸುತ್ತ ಈಗ ಹಬ್ಬಿರುವ ನಂಬಿಕೆಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ತಿಳಿಯಲು ನಾವು ಅವರ ಬದುಕಿನ ಜಾಡು ಹಿಡಿದು ಹೋಗೋಣ.

ಸೋಯಾ ಬೆಳೆಸಿದ ತಂದೆ, ರಚನೆ ಹುಡುಕಿದ ಮಗ

ಹೇಬರ್‌ಲ್ಯಾಂಡ್ಟ್ ಹುಟ್ಟಿದ್ದು 1854ರ ನವೆಂಬರ್ 28ರಂದು, ಈಗ ಹಂಗೇರಿಯಲ್ಲಿರುವ ಮೊಶೊನ್‌ಮಾಜ್ಯಾರೊವಾರ್ ಎಂಬ ಊರಿನಲ್ಲಿ. ಆಗ ಅದು ಆಸ್ಟ್ರಿಯಾ ಸಾಮ್ರಾಜ್ಯದ ಭಾಗ. ತಂದೆ ಫ್ರೀಡ್ರಿಕ್ ಕೃಷಿ ವಿಜ್ಞಾನದ ಪ್ರಾಧ್ಯಾಪಕರು. 1873ರ ವಿಯೆನ್ನಾ ಜಾಗತಿಕ ಪ್ರದರ್ಶನಕ್ಕೆ ಏಷ್ಯಾದಿಂದ ಬಂದಿದ್ದ ಸೋಯಾ ಕಾಳನ್ನು ಮಧ್ಯ ಯುರೋಪಿನ ಹೊಲಗಳಲ್ಲಿ ಬೆಳೆಸಿ ನೋಡಿದವರು ಅವರೇ. 1878ರಲ್ಲಿ ಸೋಯಾ ಕುರಿತ ಅವರ ಪುಸ್ತಕ ಹೊರಬಂತು. ಅದೇ ವರ್ಷ ಅವರು ತೀರಿಕೊಂಡರು. ಹೀಗೆ ಬೀಜ, ಬಿತ್ತನೆಯ ಮಾತು ಕೇಳುತ್ತಲೇ ಮಗ ಬೆಳೆದದ್ದು.

ವಿಯೆನ್ನಾದಲ್ಲಿ ಡಾಕ್ಟರೇಟ್ ಪಡೆದ ಮೇಲೆ ಅವರು ಜರ್ಮನಿಯ ಟ್ಯೂಬಿಂಗೆನ್‌ಗೆ ಹೋಗಿ ಸೈಮನ್ ಶ್ವೆಂಡೆನರ್ ಎಂಬ ಗುರುವಿನ ಬಳಿ ಕಲಿತರು. ಆ ಕಾಲದ ಸಸ್ಯವಿಜ್ಞಾನಿಗಳಲ್ಲಿ ಬಹಳ ಜನ ಗಿಡದ ಭಾಗಗಳಿಗೆ ಹೆಸರಿಡುವುದರಲ್ಲಿ, ವರ್ಗ ಮಾಡುವುದರಲ್ಲಿ ಮುಳುಗಿದ್ದರು. ಶ್ವೆಂಡೆನರ್ ಕಲಿಸಿದ್ದು ಬೇರೆ: ಪ್ರತಿ ಭಾಗವೂ ಯಾವ ಕೆಲಸಕ್ಕಾಗಿ ಹಾಗೆ ಕಟ್ಟಲ್ಪಟ್ಟಿದೆ ಎಂದು ಕೇಳುವುದು. ಹೇಬರ್‌ಲ್ಯಾಂಡ್ಟ್ ಜೀವಮಾನವಿಡೀ ಈ ಪ್ರಶ್ನೆಯನ್ನು ಬಿಡಲಿಲ್ಲ. ಆಸ್ಟ್ರಿಯಾದ ಗ್ರಾಟ್ಸ್ ನಗರದಲ್ಲಿ ಪಾಠ ಹೇಳುತ್ತ 1884ರಲ್ಲಿ ಅವರು ಬರೆದ ಸಸ್ಯಾಂಗರಚನೆಯ ದೊಡ್ಡ ಗ್ರಂಥ ನಿಂತದ್ದೂ ಇದೇ ಪ್ರಶ್ನೆಯ ಮೇಲೆ. ಅದು ಮತ್ತೆ ಮತ್ತೆ ಪರಿಷ್ಕಾರಗೊಂಡು, ಇಂಗ್ಲಿಷಿಗೂ ಹೋಗಿ, ದಶಕಗಳ ಕಾಲ ಪಠ್ಯವಾಗಿತ್ತು.

ಆ ದಿನಗಳಲ್ಲೇ ಅವರು ಕೆಲವು ಹುಲ್ಲುಗಳ ಎಲೆಯಲ್ಲಿ ಒಂದು ವಿಶೇಷ ಗಮನಿಸಿದ್ದರು. ಎಲೆಯ ನರಗಳ ಸುತ್ತ ದಪ್ಪ ಜೀವಕೋಶಗಳು ಹೂವಿನ ದಂಡೆಯಂತೆ ಸುತ್ತುಗಟ್ಟಿದ್ದವು. ಜರ್ಮನ್ ಭಾಷೆಯಲ್ಲಿ ದಂಡೆಗೆ ಕ್ರಾಂಜ್ ಎನ್ನುತ್ತಾರೆ; ಆ ಹೆಸರೇ ಇಂದಿಗೂ ಉಳಿದಿದೆ. ಕಡಿಮೆ ನೀರಲ್ಲಿ, ಸುಡುವ ಬಿಸಿಲಲ್ಲಿ ಚೆನ್ನಾಗಿ ಬೆಳೆಯಲು ಈ ರಚನೆ ನೆರವಾಗುತ್ತದೆ ಎಂಬುದು ತಿಳಿದದ್ದು 1960ರ ದಶಕದಲ್ಲಿ. ನಮ್ಮ ಜೋಳ, ಮೆಕ್ಕೆಜೋಳ, ರಾಗಿ ಮೂರರ ಎಲೆಯಲ್ಲೂ ಇದೇ ದಂಡೆ ಇದೆ.

ತೌಡೆಂದು ಬಿಸಾಡುವ ಪದರದಲ್ಲಿ ಜೀವ

ಈಗ ಕಾಳಿನ ವಿಷಯಕ್ಕೆ ಬರೋಣ. ಜೋಳವಿರಲಿ, ಗೋಧಿಯಿರಲಿ, ಏಕದಳ ಧಾನ್ಯದ ಕಾಳನ್ನು ಉದ್ದಕ್ಕೆ ಸೀಳಿದರೆ ಮೂರು ಭಾಗ ಕಾಣುತ್ತವೆ. ಒಂದು ಮೂಲೆಯಲ್ಲಿ ಪುಟ್ಟ ಭ್ರೂಣ, ಅಂದರೆ ಮುಂದಿನ ಗಿಡ. ಉಳಿದ ಬಹುಪಾಲು ಬಿಳಿ ಹಿಟ್ಟಿನ ಉಗ್ರಾಣ. ಇದನ್ನು ಎಂಡೋಸ್ಪರ್ಮ್ ಎನ್ನುತ್ತಾರೆ. ಭ್ರೂಣಕ್ಕೂ ಉಗ್ರಾಣಕ್ಕೂ ನಡುವೆ ಗುರಾಣಿಯಾಕಾರದ ಒಂದು ತಟ್ಟೆ, ಅದು ಸ್ಕುಟೆಲ್ಲಂ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇನ್ನೊಂದು ಭಾಗವೂ ಇದೆ: ಹೊರಸಿಪ್ಪೆಯ ಒಳಗೆ, ಉಗ್ರಾಣವನ್ನು ಸುತ್ತುವರಿದ ತೆಳುವಾದ ಅಲ್ಯೂರೋನ್ ಪದರ. ರೈ, ಗೋಧಿ, ಜೋಳಗಳಲ್ಲಿ ಇದು ಒಂದೇ ಸಾಲು ಜೀವಕೋಶ. ಬಾರ್ಲಿಯಲ್ಲಿ ಸಾಮಾನ್ಯವಾಗಿ ಮೂರು ಸಾಲು. ಬೀಸಿ ಜರಡಿ ಹಿಡಿದಾಗ ತೌಡಿನ ಜೊತೆ ಹೊರಹೋಗುವುದು ಇದೇ ಪದರ.

ಈ ಪದರದ ಜೀವಕೋಶಗಳಲ್ಲಿ ಪ್ರೋಟೀನ್ ತುಂಬಿರುತ್ತದೆ. ಹೀಗಾಗಿ ಇದೂ ಉಗ್ರಾಣದ ಒಂದು ಮೂಲೆಯೇ ಇರಬೇಕು ಎಂದು ಭಾವಿಸುವುದು ಸಹಜವಾಗಿತ್ತು. ಹೇಬರ್‌ಲ್ಯಾಂಡ್ಟ್‌ಗೆ ಅನುಮಾನ ಬಂತು. ಕಾಳು ಬಲಿತಾಗ ಒಳಗಿನ ಹಿಟ್ಟಿನ ಜೀವಕೋಶಗಳು ಸತ್ತಿರುತ್ತವೆ, ಅಲ್ಯೂರೋನ್ ಕೋಶಗಳು ಮಾತ್ರ ಬದುಕಿರುತ್ತವೆ. ಸುಮ್ಮನೆ ಕೂಡಿಡುವ ಕೆಲಸಕ್ಕೆ ಬದುಕಿರುವ ಕೋಶ ಏಕೆ ಬೇಕು?

ಅವರು ಆರಿಸಿಕೊಂಡದ್ದು ಜೋಳವನ್ನಲ್ಲ, ತಮ್ಮ ನಾಡಿನ ರೊಟ್ಟಿಯ ಧಾನ್ಯವಾದ ರೈಯನ್ನು. ಮೊಳೆಯುತ್ತಿದ್ದ ಕಾಳಿನಿಂದ ಅಲ್ಯೂರೋನ್ ಪದರವನ್ನು ಬಿಡಿಸಿ, ಪಿಷ್ಟದ ಜೊತೆ ಇಟ್ಟು ನೋಡಿದರು. ಪಿಷ್ಟದ ಹರಳುಗಳು ಸವೆದು ಕರಗತೊಡಗಿದವು. ಅಂದರೆ ಆ ಪದರ ಕಿಣ್ವವನ್ನು ಹೊರಬಿಡುತ್ತಿತ್ತು. ನಮ್ಮ ಬಾಯಿಯ ಜೊಲ್ಲುಗ್ರಂಥಿಯಂತೆ ಅದೂ ಒಂದು ಗ್ರಂಥಿ ಎಂದು 1890ರ ಪ್ರಬಂಧದಲ್ಲಿ ಅವರು ವಾದಿಸಿದರು. ಈ ಗ್ರಂಥಿ ಕೆಲಸ ಶುರುಮಾಡಲು ಭ್ರೂಣದ ನಂಟು ಬೇಕು ಎಂಬುದನ್ನೂ ಗಮನಿಸಿದರು.

ಅದೇ 1890ರಲ್ಲಿ ಇಂಗ್ಲೆಂಡಿನಲ್ಲಿ ಹೊರೇಸ್ ಬ್ರೌನ್ ಮತ್ತು ಹ್ಯಾರಿಸ್ ಮಾರಿಸ್ ಎಂಬಿಬ್ಬರು ಬಾರ್ಲಿಯ ಮೇಲೆ ದೀರ್ಘ ಅಧ್ಯಯನ ಪ್ರಕಟಿಸಿದರು. ಬಿಯರ್ ತಯಾರಿಕೆಗೆ ಬಾರ್ಲಿ ಮೊಳಕೆ ಬೇಕಲ್ಲವೇ, ಅವರ ಆಸಕ್ತಿಯ ಬೇರು ಅಲ್ಲಿತ್ತು. ಅವರ ಪ್ರಕಾರ ಕಿಣ್ವ ಸುರಿಸುವುದು ಮುಖ್ಯವಾಗಿ ಸ್ಕುಟೆಲ್ಲಂ. ಎರಡು ಕಡೆಯೂ ಪ್ರಯೋಗದ ಬಲವಿತ್ತು. ವಾದ ದಶಕಗಳ ಕಾಲ ನಡೆಯಿತು.

ಪಿಷ್ಟಕ್ಕಿಂತ ಮೊದಲು ಪ್ರೋಟೀನ್

ಹೇಬರ್‌ಲ್ಯಾಂಡ್ಟ್ ಅಳೆದದ್ದು ಪಿಷ್ಟ ಕರಗುವುದನ್ನು. ಅದು ಕಣ್ಣಿಗೆ ಕಾಣುವ ಬದಲಾವಣೆ. ಆದರೆ ಪಿಷ್ಟ ಕರಗುವ ಮೊದಲು, ಜೊತೆಜೊತೆಗೆ, ಇನ್ನೊಂದು ಕೆಲಸ ಆಗಲೇಬೇಕು: ಪ್ರೋಟೀನ್ ಕತ್ತರಿಸುವುದು. ಈ ಕೆಲಸ ಮಾಡುವ ಕಿಣ್ವಗಳಿಗೆ ಪ್ರೋಟಿಯೇಸ್ ಎಂದು ಹೆಸರು.

ಏಕೆ ಬೇಕು ಎಂದು ನೋಡೋಣ. ಹಳೆಯ ಕಾಲದ ಕಲ್ಲು ಗೋಡೆಯನ್ನು ನೆನೆಸಿಕೊಳ್ಳಿ. ಪಿಷ್ಟದ ಹರಳುಗಳು ಕಲ್ಲುಗಳಾದರೆ, ಅವುಗಳ ನಡುವಿನ ಗಾರೆ ಪ್ರೋಟೀನ್. ಕಾಳಿನ ಹೊರಭಾಗದ ಗಟ್ಟಿ, ಹೊಳಪಿನ ಹಿಟ್ಟಿನಲ್ಲಿ ಈ ಗಾರೆ ತುಂಬ ಬಿಗಿ. ಗಾರೆ ಸಡಿಲವಾಗದೆ ಪಿಷ್ಟದ ಕಿಣ್ವ ಕಲ್ಲನ್ನು ಮುಟ್ಟಲಾರದು.

ಪ್ರೋಟಿಯೇಸ್‌ಗಳಲ್ಲಿ ಎರಡು ಬಗೆಯ ಕತ್ತರಿಗಳಿವೆ. ಒಂದು ಬಗೆ ಪ್ರೋಟೀನ್ ಸರಪಳಿಯನ್ನು ನಡುವೆಯೇ ತುಂಡರಿಸುತ್ತದೆ. ಇನ್ನೊಂದು ಬಗೆ ತುಂಡುಗಳ ತುದಿಯಿಂದ ಒಂದೊಂದೇ ಅಮೈನೋ ಆಮ್ಲವನ್ನು ಬಿಡಿಸುತ್ತದೆ. ಹೀಗೆ ಬಿಡಿಯಾದದ್ದನ್ನೂ ಚಿಕ್ಕ ತುಂಡುಗಳನ್ನೂ ಸ್ಕುಟೆಲ್ಲಂ ಹೀರಿ ಭ್ರೂಣಕ್ಕೆ ಒಪ್ಪಿಸುತ್ತದೆ. ಹೊಸ ಬೇರು, ಹೊಸ ಎಲೆ ಕಟ್ಟಲು ಬೇಕಾದ ಸಾರಜನಕ ಅದಕ್ಕೆ ಸಿಗುವುದು ಇಲ್ಲಿಂದಲೇ. ಅಲ್ಯೂರೋನ್ ಪದರ ಆಮ್ಲವನ್ನೂ ಹೊರಬಿಟ್ಟು ಉಗ್ರಾಣವನ್ನು ಸ್ವಲ್ಪ ಹುಳಿಯಾಗಿಸುತ್ತದೆ. ಹುಳಿಯಲ್ಲಿ ಈ ಕತ್ತರಿಗಳಲ್ಲಿ ಬಹಳಷ್ಟು ಚುರುಕಾಗುತ್ತವೆ.

ಇದನ್ನು ನೀವೇ ನೋಡಬಹುದು. ಗೋಧಿ ಕಾಳನ್ನು ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ನಾಲ್ಕೈದನೇ ದಿನ ಬೆರಳಲ್ಲಿ ಹಿಸುಕಿ. ಮೊದಲು ಹಲ್ಲಿಗೂ ಜಗ್ಗದ ಕಾಳಿನಿಂದ ಈಗ ಬಿಳಿ ಹಾಲಿನಂಥದ್ದು ಹೊರಬರುತ್ತದೆ. ಗೋಡೆ ಕುಸಿದಿದೆ.

ಉತ್ತರ ಬಂದದ್ದು 70 ವರ್ಷದ ಮೇಲೆ

ಭ್ರೂಣ ಅಲ್ಯೂರೋನ್ ಪದರಕ್ಕೆ ಏನು ಹೇಳಿ ಕಳಿಸುತ್ತದೆ? ಇದು ಹೇಬರ್‌ಲ್ಯಾಂಡ್ಟ್ ಬದುಕಿರುವವರೆಗೂ ಬಗೆಹರಿಯಲಿಲ್ಲ. ಸುಳಿವು ಸಿಕ್ಕಿದ್ದು ಪೂರ್ತಿ ಬೇರೆ ದಿಕ್ಕಿನಿಂದ. ಭತ್ತದ ಪೈರನ್ನು ವಿಪರೀತ ಉದ್ದ ಬೆಳೆಸಿ ಬೀಳಿಸುವ ಒಂದು ಶಿಲೀಂಧ್ರ ರೋಗವಿದೆ. ಆ ಶಿಲೀಂಧ್ರ ಹೊರಬಿಡುವ ವಸ್ತುವೇ ಇದಕ್ಕೆ ಕಾರಣ ಎಂದು 1926ರಲ್ಲಿ ಜಪಾನಿನ ಕುರೊಸಾವಾ ತೋರಿಸಿದರು. ಅದಕ್ಕೆ ಜಿಬ್ಬೆರಲಿನ್ ಎಂದು ಹೆಸರಾಯಿತು. ಗಿಡಗಳು ತಾವೇ ಅದನ್ನು ತಯಾರಿಸುತ್ತವೆ ಎಂಬುದು ಆಮೇಲೆ ಗೊತ್ತಾಯಿತು.

1960ರಲ್ಲಿ ಜಪಾನಿನ ಯೊಮೊ ಮತ್ತು ಆಸ್ಟ್ರೇಲಿಯಾದ ಪಾಲೆಗ್ ಬೇರೆ ಬೇರೆಯಾಗಿ ಒಂದೇ ಸತ್ಯ ಕಂಡರು: ಭ್ರೂಣ ತೆಗೆದ ಬಾರ್ಲಿ ಕಾಳಿಗೆ ಜಿಬ್ಬೆರಲಿನ್ ಕೊಟ್ಟರೆ, ಭ್ರೂಣವೇ ಇದೆಯೇನೋ ಎಂಬಂತೆ ಪಿಷ್ಟ ಕರಗುತ್ತದೆ. ಭ್ರೂಣ ಕಳಿಸುವ ಸಂದೇಶ ಸಿಕ್ಕಿತ್ತು. 1967ರಲ್ಲಿ ಜೇಕಬ್‌ಸನ್ ಮತ್ತು ವಾರ್ನರ್ ಬಾರ್ಲಿಯ ಅಲ್ಯೂರೋನ್ ಪದರವನ್ನಷ್ಟೇ ಬಿಡಿಸಿಕೊಂಡು ಜಿಬ್ಬೆರಲಿನ್ ಕೊಟ್ಟಾಗ, ಅದು ಪ್ರೋಟಿಯೇಸನ್ನೂ ಹೊಸದಾಗಿ ತಯಾರಿಸಿ ಹೊರಬಿಟ್ಟಿತು. ಹೊಸ ಕಿಣ್ವ ಕಟ್ಟಲು ಅಮೈನೋ ಆಮ್ಲ ಎಲ್ಲಿಂದ? ಅಲ್ಯೂರೋನ್ ಕೋಶ ತನ್ನಲ್ಲೇ ಕೂಡಿಟ್ಟ ಪ್ರೋಟೀನನ್ನು ಮೊದಲು ಕತ್ತರಿಸಿಕೊಳ್ಳುತ್ತದೆ. ಅದರಲ್ಲಿ ಪ್ರೋಟೀನ್ ಏಕೆ ತುಂಬಿರುತ್ತದೆ ಎಂಬುದಕ್ಕೂ ಇದರಿಂದ ಅರ್ಥ ಬಂತು. ಹೇಬರ್‌ಲ್ಯಾಂಡ್ಟ್ ಗ್ರಂಥಿ ಎಂದದ್ದು ನಿಜವಾಗಿತ್ತು.

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ಜೋಳವನ್ನು ಪರೀಕ್ಷಿಸಿದಾಗ ಅದರ ಅಲ್ಯೂರೋನ್ ಪದರ ಜಿಬ್ಬೆರಲಿನ್ ಕರೆಗೆ ಬಾರ್ಲಿಯಷ್ಟು ಓಗೊಡಲಿಲ್ಲ. ಜೋಳದಲ್ಲಿ ಪಿಷ್ಟ ಕರಗಿಸುವ ಕಿಣ್ವದ ಬಹುಪಾಲು ಸ್ಕುಟೆಲ್ಲಂನಿಂದ ಬರುತ್ತದೆ. ಅಂದರೆ ರೈ, ಬಾರ್ಲಿ, ಗೋಧಿಯ ಮಟ್ಟಿಗೆ ಹೇಬರ್‌ಲ್ಯಾಂಡ್ಟ್ ಗೆದ್ದರೆ, ಬಾದಾಮಿಯ ರೊಟ್ಟಿಯ ಮಟ್ಟಿಗೆ ಅವರ ಎದುರಾಳಿಗಳ ಮಾತು ಹೆಚ್ಚು ಹೊಂದುತ್ತದೆ. ಒಂದು ಧಾನ್ಯದಲ್ಲಿ ಕಂಡದ್ದನ್ನು ಎಲ್ಲ ಧಾನ್ಯಕ್ಕೂ ಅನ್ವಯಿಸಬಾರದು ಎಂಬ ಪಾಠ ಇಲ್ಲಿದೆ. ಮೊಳಕೆ ಕಾಳಿನ ಬಗ್ಗೆ ಇವತ್ತು ಕೇಳುವ ತಪ್ಪು ಮಾತುಗಳಲ್ಲಿ ಬಹಳಷ್ಟು ಹುಟ್ಟುವುದೂ ಈ ಪಾಠ ಮರೆತಾಗಲೇ.

ಸೋತ ಪ್ರಯೋಗ, ಗೆದ್ದ ಕಲ್ಪನೆ

ಕಾಳಿನ ಪ್ರಬಂಧದ ಮರುವರ್ಷ ಹೇಬರ್‌ಲ್ಯಾಂಡ್ಟ್ ಜಾವಾ ದ್ವೀಪದ ಸಸ್ಯೋದ್ಯಾನಕ್ಕೆ ಹೋಗಿ ಉಷ್ಣವಲಯದ ಕಾಡನ್ನು ಅಭ್ಯಾಸ ಮಾಡಿ, ಆ ಪ್ರವಾಸದ ಬಗ್ಗೆ ಪುಸ್ತಕ ಬರೆದರು. 1900ರಲ್ಲಿ ಇನ್ನೊಂದು ಮೊಳಕೆ ಪ್ರಶ್ನೆಗೆ ಉತ್ತರ ಸೂಚಿಸಿದರು. ಕಾಳನ್ನು ತಲೆಕೆಳಗಾಗಿ ಬಿತ್ತಿದರೂ ಬೇರು ಕೆಳಕ್ಕೇ, ಚಿಗುರು ಮೇಲಕ್ಕೇ ಹೋಗುವುದು ಹೇಗೆ? ಕೆಲವು ಜೀವಕೋಶಗಳಲ್ಲಿ ಭಾರವಾದ ಪಿಷ್ಟದ ಹರಳುಗಳು ತಳಕ್ಕೆ ಕೂತು ಯಾವುದು ಕೆಳಗೆ ಎಂದು ತಿಳಿಸುತ್ತವೆ ಎಂದರು. ಅದೇ ವರ್ಷ ಪ್ರಾಗ್‌ನ ನೆಮೆಟ್ಸ್ ಕೂಡ ಇದನ್ನೇ ಹೇಳಿದರು. ಈ ವಿವರಣೆ ಇಂದಿಗೂ ನಿಂತಿದೆ.

1902ರಲ್ಲಿ ಅವರು ಮಾಡಿದ್ದು ಇನ್ನೂ ಧೈರ್ಯದ ಕೆಲಸ. ಗಿಡದ ಒಂದೊಂದೇ ಜೀವಕೋಶವನ್ನು ಬಿಡಿಸಿ, ಲವಣ ಮತ್ತು ಸಕ್ಕರೆಯ ದ್ರಾವಣದಲ್ಲಿ ಸಾಕಲು ನೋಡಿದರು. ಕೋಶಗಳು ಕೆಲವು ವಾರ ಬದುಕಿದವು, ಗಾತ್ರದಲ್ಲಿ ಬೆಳೆದವು. ಆದರೆ ಒಂದೂ ಎರಡಾಗಲಿಲ್ಲ. ಪ್ರಯೋಗ ಸೋತಿತು. ಆದರೂ ಒಂದು ಕೋಶದಿಂದ ಇಡೀ ಗಿಡ ಬೆಳೆಸುವ ದಿನ ಬರುತ್ತದೆ ಎಂಬ ನಂಬಿಕೆಯನ್ನು ಅವರು ಬರಹದಲ್ಲಿ ದಾಖಲಿಸಿದರು. ಕೋಶ ವಿಭಜನೆಗೆ ಪ್ರೇರಣೆ ಕೊಡುವ ರಾಸಾಯನಿಕ ಇರಬೇಕೆಂದು ಹುಡುಕುತ್ತ, ಗಾಯವಾದ ಆಲೂಗಡ್ಡೆಯ ಮೇಲೆ ಪ್ರಯೋಗ ನಡೆಸಿದರು. 1930ರ ದಶಕದ ಕೊನೆಗೆ ಬೇರೆಯವರ ಕೈಯಲ್ಲಿ ಅಂಗಾಂಶ ಕೃಷಿ ಸಾಧ್ಯವಾಯಿತು. 1950ರ ದಶಕದಲ್ಲಿ ಗಜ್ಜರಿಯ ಕೋಶಗಳಿಂದ ಪೂರ್ತಿ ಗಿಡ ಬಂತು. ಇಂದು ಬಾಗಲಕೋಟೆ ಸೀಮೆಯ ರೈತರು ತರುವ ಅಂಗಾಂಶ ಕೃಷಿಯ ಬಾಳೆ, ದಾಳಿಂಬೆ ಸಸಿಗಳ ಮೂಲ ಆ ಸೋತ ಪ್ರಯೋಗದಲ್ಲಿದೆ.

1910ರ ಹೊತ್ತಿಗೆ ಅವರು ಬರ್ಲಿನ್‌ನಲ್ಲಿ ತಮ್ಮ ಗುರು ಶ್ವೆಂಡೆನರ್ ಅವರ ಪೀಠಕ್ಕೇ ಬಂದರು. 1923ರಲ್ಲಿ ನಿವೃತ್ತರಾದರು. ಮುಪ್ಪಿನಲ್ಲಿ ಅವರ ಮನೆಗೆ ದೊಡ್ಡ ಪೆಟ್ಟು ಬಿತ್ತು. ಮಗ ಲುಡ್ವಿಗ್ ಇನ್ಸ್‌ಬ್ರುಕ್‌ನಲ್ಲಿ ಶರೀರಶಾಸ್ತ್ರದ ಪ್ರಾಧ್ಯಾಪಕ. ಹಾರ್ಮೋನಿನಿಂದ ಗರ್ಭಧಾರಣೆ ತಡೆಯಬಹುದೆಂದು ಪ್ರಾಣಿಗಳಲ್ಲಿ ತೋರಿಸಿದ ಮೊದಲಿಗರಲ್ಲಿ ಒಬ್ಬರು. ಅದಕ್ಕಾಗಿ ಕಟು ವಿರೋಧ ಎದುರಿಸಿದ ಅವರು 1932ರಲ್ಲಿ, 47ನೇ ವಯಸ್ಸಿನಲ್ಲಿ, ತಮ್ಮ ಜೀವ ತಾವೇ ಕಳೆದುಕೊಂಡರು. ಅಂಥ ಮಾತ್ರೆ ಅಮೆರಿಕದಲ್ಲಿ ಮಾರಾಟಕ್ಕೆ ಒಪ್ಪಿಗೆ ಪಡೆದದ್ದು 1960ರಲ್ಲಿ. ತಂದೆಯ ಒಗಟಿಗೆ ಯೊಮೊ, ಪಾಲೆಗ್ ಉತ್ತರ ಕಂಡ ವರ್ಷವೂ ಅದೇ.

ಮಗ ಹೋದ ಮೇಲೆ 12 ವರ್ಷ ಬದುಕಿದ ಹೇಬರ್‌ಲ್ಯಾಂಡ್ಟ್, 1945ರ ಜನವರಿ 30ರಂದು ಯುದ್ಧದ ನಡುವಿನ ಬರ್ಲಿನ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ 90 ವರ್ಷ.

ಹಾಗಾದರೆ ಮೊಳಕೆ ಕಾಳಿನ ಬಗ್ಗೆ ಏನು ನಂಬಬೇಕು?

ಮೊಳಕೆ ಕಟ್ಟಿದರೆ ಪ್ರೋಟೀನ್ ದುಪ್ಪಟ್ಟಾಗುತ್ತದೆಯೇ? ಇಲ್ಲ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನ್ ಇದೆ. ಮೊಳಕೆಗೆ ನಾವು ಕೊಡುವುದು ನೀರು ಮಾತ್ರ. ನೀರಿನಿಂದ ಪ್ರೋಟೀನ್ ಹುಟ್ಟುವುದಿಲ್ಲ. ಪ್ರೋಟಿಯೇಸ್ ಇರುವುದನ್ನು ಕತ್ತರಿಸುತ್ತದೆ, ಭ್ರೂಣ ಅದನ್ನೇ ಬೇರೆ ರೂಪಕ್ಕೆ ಕಟ್ಟುತ್ತದೆ. ಉಸಿರಾಟದಲ್ಲಿ ಸ್ವಲ್ಪ ಪಿಷ್ಟ ಉರಿದುಹೋಗುವುದರಿಂದ, ಒಣಗಿಸಿ ತೂಗಿದರೆ ಪ್ರೋಟೀನಿನ ಶೇಕಡಾ ಪ್ರಮಾಣ ತುಸು ಏರಿದಂತೆ ಕಾಣುತ್ತದೆ, ಅಷ್ಟೇ. ಹಸಿ ಮೊಳಕೆಯನ್ನು ತೂಗಿದರೆ ನೀರು ಸೇರಿರುವುದರಿಂದ ಪ್ರಮಾಣ ಇಳಿದಿರುತ್ತದೆ.

ಹಾಗಾದರೆ ಲಾಭವೇ ಇಲ್ಲವೇ? ಇದೆ. ಕತ್ತರಿಸಿದ ಪ್ರೋಟೀನ್ ಸುಲಭವಾಗಿ ಅರಗುತ್ತದೆ. ಪಿಷ್ಟವೂ ಸ್ವಲ್ಪ ಒಡೆದಿರುವುದರಿಂದ ಮೊಳಕೆ ರಾಗಿಯ ಹಿಟ್ಟಿನ ಗಂಜಿ ತೆಳ್ಳಗಿರುತ್ತದೆ. ಮಾಮೂಲಿ ಹಿಟ್ಟು ಹೆಚ್ಚು ಹಾಕಿದರೆ ಗಂಜಿ ಗಟ್ಟಿಯಾಗಿ ಮಗು ನುಂಗುವುದಿಲ್ಲ. ನೀರು ಸೇರಿಸಿದರೆ ಹೊಟ್ಟೆ ತುಂಬುತ್ತದೆ, ಸತ್ವ ಸಾಲದು. ಮೊಳಕೆ ಹಿಟ್ಟಾದರೆ ಅದೇ ಬಟ್ಟಲಲ್ಲಿ ಹೆಚ್ಚು ಹಿಟ್ಟು ಹಿಡಿಸಬಹುದು. ಮಕ್ಕಳಿಗೆ ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸುವ ನಮ್ಮ ಹಳೆಯ ರೂಢಿಗೆ ಹೀಗೆ ಗಟ್ಟಿ ಆಧಾರವಿದೆ.

ಇದೇ ಕಾರಣಕ್ಕೆ ಸುಗ್ಗಿ ಹೊತ್ತಿಗೆ ಮಳೆ ಹಿಡಿದು ತೆನೆಯಲ್ಲೇ ಮೊಳೆತ ಜೋಳ ರೊಟ್ಟಿಗೆ ಒಗ್ಗುವುದಿಲ್ಲ. ಎಸರು ಹಾಕಿ ನಾದಿದರೂ ಹಿಟ್ಟಿಗೆ ಜಿಗಿ ಬರುವುದಿಲ್ಲ, ಬಡಿಯುವಾಗಲೇ ಹರಿಯುತ್ತದೆ. ಮಗುವಿನ ಗಂಜಿಗೆ ವರವಾದ ಕಿಣ್ವವೇ ರೊಟ್ಟಿಗೆ ಶಾಪ.

ಮೊಳಕೆಯಲ್ಲಿರುವ ಕಿಣ್ವ ನಮ್ಮ ಹೊಟ್ಟೆಯಲ್ಲಿ ಜೀರ್ಣಕ್ಕೆ ನೆರವಾಗುತ್ತದೆಯೇ? ಇದನ್ನು ನಂಬಿ ಕೂರಬೇಡಿ. ಕಿಣ್ವವೂ ಪ್ರೋಟೀನೇ. ಬೇಯಿಸಿದರೆ ಬಿಸಿಗೆ ಕೆಡುತ್ತದೆ. ಹಸಿ ತಿಂದರೆ ಜಠರದ ಆಮ್ಲದಲ್ಲಿ, ನಮ್ಮದೇ ಪ್ರೋಟಿಯೇಸ್‌ಗಳ ಬಾಯಿಗೆ ಸಿಕ್ಕಿ ಬಹುತೇಕ ಮುಗಿದುಹೋಗುತ್ತದೆ. ಲಾಭವಿರುವುದು ಅದು ಕಾಳಿನೊಳಗೇ ಮಾಡಿ ಮುಗಿಸಿದ ಕೆಲಸದಲ್ಲಿ.

ಮೊಳಕೆ ಗೋಧಿ ಸೀಲಿಯಾಕ್ ಕಾಯಿಲೆಯವರಿಗೆ ಸುರಕ್ಷಿತವೇ? ಖಂಡಿತ ಅಲ್ಲ. ಪ್ರೋಟಿಯೇಸ್ ಗ್ಲುಟೆನ್ ಅನ್ನು ಸ್ವಲ್ಪ ಕತ್ತರಿಸಿದರೂ ತೊಂದರೆ ಕೊಡುವಷ್ಟು ಉಳಿದೇ ಉಳಿಯುತ್ತದೆ. ಅಂಥವರಿಗೆ ಗ್ಲುಟೆನ್ ಇಲ್ಲದ ಜೋಳ, ರಾಗಿ, ಸಜ್ಜೆಯೇ ಲೇಸು. ಬೀಸುವಾಗ ಗೋಧಿ ಹಿಟ್ಟು ಬೆರೆಯದಂತೆ ನೋಡಿಕೊಳ್ಳಬೇಕು.

ಜೋಳದ ಮೊಳಕೆಯನ್ನು ಹಸಿಯಾಗಿ ತಿನ್ನಬಹುದೇ? ಬೇಡವೇ ಬೇಡ. ಎಳೆ ಜೋಳದ ಪೈರು, ಕೊಯ್ದ ಬುಡದಲ್ಲಿ ಚಿಗುರಿದ ಕೂಳೆ ಮೇಯ್ದ ದನ ನೊರೆ ಸುರಿಸಿ ಬೀಳುವುದನ್ನು ರೈತರು ಬಲ್ಲರು. ಎಳೆಯ ಜೋಳದಲ್ಲಿರುವ ಧುರ್ರಿನ್ ಎಂಬ ವಸ್ತು, ಅಂಗಾಂಶ ಜಜ್ಜಿಹೋದಾಗ ಸಯನೈಡ್ ವಿಷ ಬಿಡುತ್ತದೆ. ಒಣ ಕಾಳಿನಲ್ಲಿ ಇದು ತೀರ ಅಲ್ಪ, ಆದ್ದರಿಂದ ರೊಟ್ಟಿಗೆ ಭಯವಿಲ್ಲ. ಮೊಳಕೆ ಒಡೆದಾಗ ಚಿಗುರಿನಲ್ಲಿ, ಬೇರಿನಲ್ಲಿ ಇದು ಬೇಗ ಏರುತ್ತದೆ. ಜೋಳದ ಮಾಲ್ಟ್ ಮಾಡುವುದಾದರೆ ಚೆನ್ನಾಗಿ ಒಣಗಿಸಿ, ಚಿಗುರು ಬೇರುಗಳನ್ನು ಪೂರ್ತಿ ಉಜ್ಜಿ ತೆಗೆದು, ಆಮೇಲೆ ಹಿಟ್ಟು ಮಾಡಿ ಬೇಯಿಸಬೇಕು. ಕೋಸಂಬರಿಗೆ ಮೊಳಕೆ ಬೇಕೆಂದರೆ ಹೆಸರು, ಮಡಿಕೆ ಇವೆ.

ಜೋಳದ ಪ್ರೋಟೀನಿಗೆ ಇನ್ನೊಂದು ಕೊರತೆಯೂ ಇದೆ. ಅದರಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲ ಕಡಿಮೆ, ಮತ್ತು ನೀರಲ್ಲಿ ಬೇಯಿಸಿದಾಗ ಅದು ಬಿಗಿದುಕೊಂಡು ಅರಗುವುದು ಕಷ್ಟವಾಗುತ್ತದೆ. ಕಾಳು ಪಲ್ಯ ಮತ್ತು ಮೊಸರು ಲೈಸೀನಿನ ಕೊರತೆಯನ್ನು ತುಂಬುತ್ತವೆ. ಆದ್ದರಿಂದ ಪ್ರೋಟೀನಿಗಾಗಿ ದುಬಾರಿ ಮೊಳಕೆ ಪುಡಿ ಕೊಳ್ಳುವ ಮೊದಲು ತಟ್ಟೆಯಲ್ಲಿ ರೊಟ್ಟಿಯ ಪಕ್ಕ ಏನಿದೆ ಎಂದು ನೋಡಿಕೊಂಡರೆ ಸಾಕು.